ಮರೆಯಲ್ಲಿ ನಿಂತವರು

ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆಯಿಲ್ಲದ ಮನುಷ್ಯನನ್ನು ನಾನು ಬಹುಕಾಲ ಕಂಡಿರಲಿಲ್ಲ. ನನ್ನನ್ನೇ ತೆಗೆದುಕೊಳ್ಳಿ. ಯಾವುದೋ ಸಂಘದ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಮನೆಗೆ ಬಂದರೆ, ಸಮಾರಂಭ ಎಂದು, ಎಲ್ಲಿ, ಅಧ್ಯಕ್ಷರು ಯಾರು ಎಂಬುದನ್ನೆಲ್ಲ ಆಮೇಲೆ ನೋಡುತ್ತೇನೆ. ಮೊದಲು ಕಣ್ಣು ಓಡುವುದು ನನ್ನ ಹೆಸರು ಎಷ್ಟನೆಯ ಸಾಲಿನಲ್ಲಿದೆ, ‘ಎಂ.ಎ.’ ಎಂಬ ಎರಡಕ್ಷರ ಅದರ ಮುಂದೆ ಉಳಿದಿದೆಯೋ ಬಿದ್ದುಹೋಗಿದೆಯೋ ಎಂಬುದರ ಕಡೆಗೆ. ಒಮ್ಮೆ ಅಚ್ಚಿನವರ ಕೈತಪ್ಪಿ ಆ ಎರಡಕ್ಷರ ನನ್ನನ್ನು ಬಿಟ್ಟು ಕೆಳಗಿನ ಸಾಲಿನ ಹಾರ್ಮೋನಿಯಂ ವಾದಕರಿಗೆ ಅಂಟಿಕೊಂಡಿತ್ತು. ಅಂದು ನನ್ನ ಭಾಷಣ ಕಳೆಗಟ್ಟಲಿಲ್ಲವೆಂದು ಕೇಳಿದವರೆಲ್ಲ ಹೇಳಿದರು. ಕಾರಣ ಅವರಿಗೇನು ಗೊತ್ತು!

ಇಂಥ ನನಗೆ, ಹೆಸರೇ ಬೇಡವೆಂದು ಮೂಲೆ ಹಿಡಿದು ಕುಳಿತ ಒಬ್ಬ ಸಂಗೀತಗಾರನ ಪರಿಚಯವಾಯಿತು. ಪರಿಚಯವಾದ ರೀತಿಯೂ ವಿಚಿತ್ರವೇ.

ಮಾಘಮಾಸದ ಒಂದು ರಾತ್ರಿ, ಹತ್ತೂವರೆ ಗಂಟೆ ಇರಬಹುದು. ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಸಣ್ಣಗೆ ಮಳೆ ಹನಿಯುವ ಸದ್ದು ಕೇಳಿಸಿತು. ಮಹಡಿಯ ಮೇಲೆ ಬಟ್ಟೆ ಒಣಹಾಕಿದ್ದು ನೆನಪಾಗಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಮೇಲೆ ಹೋಗಿ ನೋಡಿದರೆ ಆಕಾಶದ ತುಂಬ ನಕ್ಷತ್ರಗಳು. ಒಂದು ತುಂಡು ಮೋಡವೂ ಇಲ್ಲ. ಒಣಗಿದ ಪಂಚೆಯೊಂದನ್ನು ಕೈಯಲ್ಲಿ ಹಿಡಿದು ಪೆಚ್ಚಾಗಿ ಇಳಿದು ಬಂದೆ. ಮಳೆ ಇನ್ನೂ ಸುರಿಯುತ್ತಲೇ ಇತ್ತು, ಮಗಳ ಕೋಣೆಯಲ್ಲಿ.

“ಇದು ಮಳೆ ಅಲ್ಲಪ್ಪ, ಹಾಡು” ಎಂದಳು ಅವಳು. ಈ ವರ್ಷವಷ್ಟೇ ಕಾಲೇಜು ಮೆಟ್ಟಿಲು ಹತ್ತಿದವಳು. ತಂದೆಯ ಅಜ್ಞಾನವನ್ನು ಕ್ಷಮಿಸುವ ವಯಸ್ಸು.

“ಹಾಡಾದರೆ ಈ ಚಟಪಟ ಸದ್ದು ಯಾಕೆ? ನಿನ್ನ ಸ್ಪೀಕರು ಕೆಟ್ಟಿದೆ.”

“ಕೆಟ್ಟಿಲ್ಲ. ಹಳೇ ಗ್ರಾಮಫೋನ್ ಪ್ಲೇಟ್ ಮೇಲೆ ಮುಳ್ಳು ಕೆರೆಯೋ ಸದ್ದು ಅದು. ಬೇಕೂಂತ್ಲೇ ಹಾಕಿದಾನೆ.”

“ಯಾರಮ್ಮ ಆ ಪುಣ್ಯಾತ್ಮ?”

“ಬೆರಿಯಲ್.”

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ಹಾಗಂದ್ರೇನೇ?” ಎಂದಳು.

“ಹೂಳೋದು ಅಂತಮ್ಮ.”

“ಶಿವ ಶಿವಾ! ರಾತ್ರಿ ಹೊತ್ತು ಕೇಳೋಕೆ ನಿಂಗೆ ಇದೊಂದೇ ಸಿಕ್ತಾ?” ಎಂದು ಅವಳು ದೀಪ ಹಾಕಿ ಹೊರಟುಹೋದಳು. ಮಗಳು ಎದ್ದು ದೀಪ ಆರಿಸಿದಳು. ನಾನು ಕತ್ತಲೆಯಲ್ಲಿಯೇ ಕುಳಿತೆ. ತಿದ್ದುವ ಕೆಲಸ ತಪ್ಪಿಸಿಕೊಳ್ಳಲು ನನಗೆ ಯಾವ ಸಂಗೀತವಾದರೂ ಆದೀತು.

ಆ ರಾತ್ರಿ ಕೇಳಿದ್ದು ‘ಅನ್‌ಟ್ರೂ’ ಎಂಬ ಧ್ವನಿಮುದ್ರಿಕೆ, ಹದಿಮೂರು ತುಣುಕುಗಳದು. ಇದು ಹಾಡೆಂದು ಹೇಳಲು ನನಗೆ ಮೊದಲು ಧೈರ್ಯ ಬರಲಿಲ್ಲ. ದೂರದಲ್ಲೆಲ್ಲೋ ಒಂದು ಹೆಂಗಸಿನ ದನಿ ಎರಡು ಮಾತು ಹಾಡಿ ಕರಗುತ್ತದೆ. ಗಮನವಿಟ್ಟು ಕೇಳಿದರೆ ಗಂಡಸಿನ ದನಿಯೇ ಇರಬಹುದೆನ್ನಿಸುತ್ತದೆ. ಕೆಳಗೆ ಒಂದು ತಾಳ ಓಡುತ್ತದೆ. ನಾಲ್ಕು ಪೆಟ್ಟು ಬೀಳಬೇಕಾದ ಕಡೆ ಒಂದೆರಡನ್ನು ನುಂಗಿ, ಕುಂಟಿಕೊಂಡು, ಆದರೂ ಎಲ್ಲಿಯೂ ಬೀಳದೆ ಓಡುತ್ತದೆ. ಮೇಲೆ ಮಳೆ. ತುಣುಕುಗಳ ಹೆಸರುಗಳೂ ಹಾಗೆಯೇ: ಒಂದಕ್ಕೆ ಮನೆಯಿಲ್ಲದವನೆಂದು ಹೆಸರು, ಒಂದಕ್ಕೆ ಬೀದಿನಾಯಿಗಳ ಆಶ್ರಯವೆಂದು, ಇನ್ನೊಂದಕ್ಕೆ ಮ್ಯಾಕ್‌ಡೊನಾಲ್ಡ್ಸ್ ಹೋಟೆಲಿನೊಳಗೆ ಎಂದು. ಕತ್ತಲೆಯ ಸಂಗೀತವೆಂದು ಇದನ್ನು ಕರೆಯುತ್ತಾರಂತೆ. ಭೂತಪ್ರೇತಗಳ ಕತ್ತಲೆಯಲ್ಲ, ಕೊನೆಯ ಬಸ್ಸು ತಪ್ಪಿಸಿಕೊಂಡವನ ಕತ್ತಲೆ. ದೊಡ್ಡ ಊರಿನಲ್ಲಿ ಅಂಥ ರಾತ್ರಿಯನ್ನು ಒಂದು ಸಲವಾದರೂ ಕಳೆದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಈತನ ವಿಷಯ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಳಗನ್ನಡದ ಮೇಷ್ಟರಿಗೆ ಇದೆಂಥ ಹುಚ್ಚು ಎಂದು ಸಹೋದ್ಯೋಗಿಗಳು ನಕ್ಕರು, ನಗಲಿ.

ಈತ ದಕ್ಷಿಣ ಲಂಡನ್ನಿನವನು. ಆ ಭಾಗಕ್ಕೂ ಈ ಬಗೆಯ ಸಂಗೀತಕ್ಕೂ ನಂಟು ಹಳೆಯದು. ಎಂಬತ್ತರ ದಶಕದ ಕೊನೆಯಿಂದ ಇಂಗ್ಲೆಂಡಿನ ತರುಣರು ಹೊಲಗಳಲ್ಲಿ, ಪಾಳುಬಿದ್ದ ಉಗ್ರಾಣಗಳಲ್ಲಿ ರಾತ್ರಿಯಿಡೀ ಯಂತ್ರಸಂಗೀತಕ್ಕೆ ಕುಣಿಯುತ್ತಿದ್ದರು. ಈ ಕೂಟಗಳಿಗೆ ‘ರೇವ್’ ಎಂದು ಹೆಸರು. ಸರ್ಕಾರಕ್ಕೆ ಇದು ಸಹನೆಯಾಗಲಿಲ್ಲ. 1994ರಲ್ಲಿ ಒಂದು ಕಾನೂನು ಮಾಡಿ, ಬಯಲಿನಲ್ಲಿ ರಾತ್ರಿ ಇಂಥ ಸಂಗೀತಕ್ಕೆ ನೂರು ಜನ ಸೇರಿದರೆ ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಮರುಕಳಿಸುವ ತಾಳವೆಂದರೆ ಏನೆಂದು ಕಾನೂನಿನ ಭಾಷೆಯಲ್ಲಿ ಲಕ್ಷಣ ಹೇಳಿದ್ದು ಬಹುಶಃ ಅಲ್ಲಿಯೇ ಇರಬೇಕು. ನಮ್ಮ ಛಂದಶ್ಶಾಸ್ತ್ರಕಾರರು ಮೆಚ್ಚುತ್ತಿದ್ದರು. ಸಂಗೀತವೇನೂ ಸಾಯಲಿಲ್ಲ. ಅದು ಊರೊಳಗಿನ ಕ್ಲಬ್ಬುಗಳಿಗೆ ನುಗ್ಗಿತು. ಎತ್ತರದ ವಸತಿ ಕಟ್ಟಡಗಳ ನೆತ್ತಿಯಲ್ಲಿ ಏರಿಯಲ್ ನಿಲ್ಲಿಸಿ ಪರವಾನಗಿಯಿಲ್ಲದೆ ನಡೆಯುವ ಕಳ್ಳ ಬಾನುಲಿಗಳಲ್ಲಿ ಅಡಗಿತು. ಅಂಥ ಕೇಂದ್ರಗಳಲ್ಲೊಂದಾದ ‘ರಿನ್ಸ್’ 1994ರಲ್ಲಿ ಹುಟ್ಟಿ, ಪರವಾನಗಿ ಪಡೆದದ್ದು 2010ರಲ್ಲಿ. ಅಷ್ಟರೊಳಗೆ ‘ಜಂಗಲ್’, ‘ಗ್ಯಾರೇಜ್’ ಎಂದು ಒಂದರಿಂದೊಂದು ಹುಟ್ಟಿ, ಹೊಸ ಶತಮಾನದ ಆರಂಭಕ್ಕೆ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕಡೆಯಲ್ಲಿ ‘ಡಬ್‌ಸ್ಟೆಪ್’ ಎಂಬ ಭಾರವಾದ ಕರಿಯ ಕೂಸು ಕಣ್ಣುಬಿಟ್ಟಿತ್ತು.

ನಮ್ಮ ಬೆರಿಯಲ್ ಇದರಲ್ಲಿ ಬಹುಭಾಗವನ್ನು ಕಣ್ಣಾರೆ ಕಂಡವನಲ್ಲ. ಅಣ್ಣಂದಿರು ತಂದ ತಟ್ಟೆಗಳನ್ನು ಕೇಳಿ, ಅವರು ಹೇಳಿದ ಕಥೆಗಳನ್ನು ಕೇಳಿ ಬೆಳೆದವನು. ಆ ಹೊಲದ ಕೂಟಗಳಿಗೆ ತಾನು ಹೋದವನೇ ಅಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಜಾತ್ರೆಯಿಂದ ಹಿಂದಿರುಗಿದ ಅಣ್ಣಂದಿರ ಬಾಯಿಂದ ತೇರನ್ನು ನೋಡಿದ ತಮ್ಮನಂತೆ ಇದು. ಅಂಥ ತಮ್ಮನ ಮನಸ್ಸಿನ ತೇರು ನಿಜವಾದ ತೇರಿಗಿಂತ ಎರಡು ಮಾರು ಎತ್ತರವಾಗಿರುತ್ತದೆ, ಅಲ್ಲವೆ? ಅವನ ಸಂಗೀತದಲ್ಲಿ ಕೇಳುವ ಹಂಬಲ ಈ ಜಾತಿಯದು. ಕಳೆದುಹೋದದ್ದಕ್ಕೆ ಅಳುವವರು ಬೇಕಾದಷ್ಟು ಮಂದಿ. ಕಾಣದೆಯೇ ಕಳೆದುಕೊಂಡದ್ದಕ್ಕೆ ಅಳುವವನು ಇವನು.

ಇವನನ್ನು ಹೊರತಂದವನು ಸ್ಟೀವ್ ಗುಡ್‌ಮನ್. ಸಂಗೀತಲೋಕದಲ್ಲಿ ‘ಕೋಡ್ ನೈನ್’ ಎಂದು ಕರೆಸಿಕೊಳ್ಳುವ ಈತ ಹಗಲು ಹೊತ್ತು ಈಸ್ಟ್ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದವನು ಎಂದು ಓದಿದಾಗ ನನ್ನ ಎದೆ ಒಂದಂಗುಲ ಉಬ್ಬಿತು; ನಮ್ಮ ವೃತ್ತಿಯವನು ತಾನೆ! 2004ರಲ್ಲಿ ‘ಹೈಪರ್‌ಡಬ್’ ಎಂಬ ಪುಟ್ಟ ಸ್ವತಂತ್ರ ಸಂಸ್ಥೆಯನ್ನು ಕಟ್ಟಿ, ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಟ್ಟೆಗಳನ್ನು ಹೊರತರತೊಡಗಿದ. ಹೊಸಬನೊಬ್ಬನಿಂದ ತನಗೆ ಬಂದ ಹಾಡುಗಳಲ್ಲಿ ಕೆಲವನ್ನು 2005ರಲ್ಲಿ ಕಿರುಮುದ್ರಿಕೆಯಾಗಿ ಹೊರತಂದ. 2006ರ ಮೇ ತಿಂಗಳಲ್ಲಿ ಪೂರ್ಣ ಮುದ್ರಿಕೆ ಬಂತು. ಹೆಸರು ಅದಕ್ಕೂ ‘ಬೆರಿಯಲ್’ ಎಂದೇ. ಅದರ ಹೊದಿಕೆಯ ಮೇಲೆ ಮುಖವಿಲ್ಲ. ಆಕಾಶದಿಂದ ನೋಡಿದ ಊರು ಮಾತ್ರ. ‘ದಿ ವೈರ್’ ಎಂಬ ಸಂಗೀತ ಪತ್ರಿಕೆ ಅದನ್ನು ಆ ವರ್ಷದ ಅತ್ಯುತ್ತಮ ಮುದ್ರಿಕೆಯೆಂದು ಆರಿಸಿತು. 2007ರ ನವೆಂಬರಿನಲ್ಲಿ ‘ಅನ್‌ಟ್ರೂ’ ಬಂದಮೇಲೆ ಹೆಸರು ಎಲ್ಲೆಲ್ಲೂ ಹಬ್ಬಿತು. ಹೆಸರೆಂದರೆ ಇಟ್ಟುಕೊಂಡ ಹೆಸರು. ಮನುಷ್ಯ ಯಾರೆಂದು ಯಾರಿಗೂ ಗೊತ್ತಿಲ್ಲ.

ಅವನು ಕೆಲಸಮಾಡುವ ಬಗೆ ಕೇಳಿ. ಇಂಥ ಸಂಗೀತ ಕಟ್ಟುವವರು ಸಾಮಾನ್ಯವಾಗಿ ತಾಳವನ್ನು ಮನೆಮನೆಯಾಗಿ ಗೆರೆಯೆಳೆದು ಜೋಡಿಸಿಕೊಡುವ ತಂತ್ರಾಂಶವನ್ನು ಬಳಸುತ್ತಾರೆ. ಪೆಟ್ಟುಗಳು ಲೆಕ್ಕಕ್ಕೆ ಸರಿಯಾಗಿ ಬೀಳುತ್ತವೆ. ಇವನು ‘ಸೌಂಡ್ ಫೋರ್ಜ್’ ಎಂಬ ಸಾಧಾರಣ ಸಾಧನವನ್ನು ಹಿಡಿದ. ಅದು ಮುದ್ರಿತ ಧ್ವನಿಯನ್ನು ಕತ್ತರಿಸಿ ತಿದ್ದುವುದಕ್ಕಷ್ಟೇ ಇರುವಂಥದು. ಅದರಲ್ಲಿ ಗೆರೆಯಿಲ್ಲ, ಲೆಕ್ಕವಿಲ್ಲ. ಪರದೆಯ ಮೇಲೆ ಧ್ವನಿಯ ಅಲೆ ಮಾತ್ರ ಕಾಣುತ್ತದೆ. ತಾಳ ಸರಿಯಾಗಿದ್ದರೆ ಆ ಅಲೆ ಮೀನಿನ ಮುಳ್ಳಿನಂತೆ ಕಾಣುತ್ತದೆಂದೂ, ಅದನ್ನು ಕಣ್ಣಿನಿಂದಲೇ ಗುರುತಿಸಬಲ್ಲೆನೆಂದೂ ಅವನು ಹೇಳಿದ್ದುಂಟು. ಹೀಗೆ ಕೈಯಳತೆಯಲ್ಲಿ ಇಟ್ಟದ್ದರಿಂದಲೇ ಅವನ ತಾಳ ಯಂತ್ರದ್ದೆನಿಸದೆ, ಒದ್ದೆ ಬೀದಿಯಲ್ಲಿ ನಡೆಯುವ ಮನುಷ್ಯನ ಹೆಜ್ಜೆಯಂತೆ ಒಂದಿಷ್ಟು ಹಿಂದೆ ಮುಂದೆ ಆಗುತ್ತದೆ. ಹಾಡುವ ದನಿಗಳೂ ಅವನವಲ್ಲ. ಜನಪ್ರಿಯ ಪ್ರೇಮಗೀತೆಗಳಿಂದ ಎರಡೆರಡು ಪದಗಳನ್ನು ಕಿತ್ತು, ಶ್ರುತಿಯನ್ನು ಏರಿಸಿ ಇಳಿಸಿ, ಗಂಡಿನ ದನಿಯನ್ನು ಹೆಣ್ಣಾಗಿಸಿ ಹೆಣ್ಣಿನದನ್ನು ಗಂಡಾಗಿಸಿ ಪೋಣಿಸುತ್ತಾನೆ. ಹೆಸರಾದ ‘ಆರ್ಕೇಂಜಲ್’ ಎಂಬ ಹಾಡಿನ ದನಿ ಅಮೆರಿಕದ ಗಾಯಕ ರೇ ಜೆ ಹಾಡಿದ ಗೀತೆಯೊಂದರಿಂದ ಬಂದದ್ದು. ಅದರ ಹಿಮ್ಮೇಳ ಒಂದು ವಿಡಿಯೊ ಆಟದ ಸಂಗೀತದಿಂದ ಎತ್ತಿದ್ದು. ಮೂಲವನ್ನು ಬಲ್ಲವರಿಗೂ ಗುರುತು ಹತ್ತುವುದು ಕಷ್ಟ. ಕಳ್ಳತನವೆ? ಹಾಗೆನ್ನುವವರು ಇದ್ದಾರು. ಆದರೆ ಹಳೆಯ ಸೀರೆಗಳ ತುಂಡಿನಿಂದ ಅಜ್ಜಿ ಹೊಲಿದ ಕೌದಿಯನ್ನು ಹೊದ್ದವರು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು.

ಇಷ್ಟಾದರೂ ಈತ ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಬೆರಳೆಣಿಕೆಯ ಸಂದರ್ಶನಗಳು, ವೇದಿಕೆಯ ಮೇಲೆ ಕಚೇರಿಯಂತೂ ಇಲ್ಲವೇ ಇಲ್ಲ. ತಾನು ಹಾಡು ಕಟ್ಟುತ್ತೇನೆಂದು ಐದೇ ಜನಕ್ಕೆ ಗೊತ್ತು ಎಂದು 2007ರಲ್ಲಿ ಹೇಳಿದ್ದ. ನನ್ನಂಥವನಿಗೆ ಇದು ತಲೆಗೆ ಹತ್ತುವ ಮಾತಲ್ಲ. ನಾನು ಕವನ ಬರೆಯುತ್ತೇನೆಂಬುದು ನಮ್ಮ ಬೀದಿಯ ಹಾಲಿನವನಿಗೂ ಗೊತ್ತು. ಆದರೆ ನಮ್ಮಲ್ಲಿಯೂ ಅಂಥವನೊಬ್ಬನಿದ್ದನಲ್ಲ! ಉಡುಪಿಯ ಶಾಲೆಯಲ್ಲಿ ಹುಡುಗರಿಗೆ ಕಸರತ್ತು ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ತನ್ನ ಕಾವ್ಯಗಳನ್ನು ಯಾರೋ ಹಿಂದಿನ ಕವಿಯವೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿ ಸುಮ್ಮನಿದ್ದ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ತೀರಿಕೊಂಡ. ಮುದ್ದಣನೆಂದರೆ ಇವನೇ ಎಂದು ಲೋಕಕ್ಕೆ ಚೆನ್ನಾಗಿ ತಿಳಿಯುವ ಹೊತ್ತಿಗೆ ಅವನಿರಲಿಲ್ಲ. ಈ ಕಥೆಯನ್ನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹೇಳುವಾಗ ಕಣ್ಣಂಚು ಒದ್ದೆಯಾಗುವುದೂ ಉಂಟು. ಕಣ್ಣು ಒದ್ದೆಯಾಗುವುದು ಬೇರೆ, ಬುದ್ಧಿ ಬರುವುದು ಬೇರೆ.

2008 ಬಂತು. ಆ ವರ್ಷದ ಫೆಬ್ರವರಿಯಲ್ಲಿ ‘ಇಂಡಿಪೆಂಡೆಂಟ್’ ಪತ್ರಿಕೆ ಈತನ ಹೆಸರು ವಿಲಿಯಂ ಬೆವನ್ ಎಂದು ಬರೆಯಿತು. ಜುಲೈನಲ್ಲಿ ‘ಅನ್‌ಟ್ರೂ’ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಹನ್ನೆರಡು ಮುದ್ರಿಕೆಗಳ ಪಟ್ಟಿಗೆ ಬಂದೊಡನೆ ಬೇಟೆ ಜೋರಾಯಿತು. ‘ಸನ್’ ಪತ್ರಿಕೆಯ ಅಂಕಣಕಾರನೊಬ್ಬ ಇವನ ಮುಸುಕು ತೆಗೆದೇ ತೀರುತ್ತೇನೆಂದು ಹೊರಟ. ಇವನು ಬೇರಾರೋ ಪ್ರಸಿದ್ಧ ಸಂಗೀತಗಾರನೇ ಇರಬೇಕೆಂದು ಊಹೆಗಳೆದ್ದವು. ಕಡೆಗೆ ಆಗಸ್ಟ್ 5ರಂದು ಆತನೇ ತನ್ನ ಒಂದು ಚಿತ್ರವನ್ನು ಹಾಕಿ, ನಾಲ್ಕು ಮಾತು ಬರೆದ: ನನ್ನ ಹೆಸರು ವಿಲ್ ಬೆವನ್, ದಕ್ಷಿಣ ಲಂಡನ್ನಿನವನು, ಸದ್ದುಗದ್ದಲ ಬೇಡದ ಮನುಷ್ಯ, ಹಾಡು ಕಟ್ಟುವುದಷ್ಟೇ ನನಗೆ ಬೇಕು, ಎಂಬ ತಾತ್ಪರ್ಯ. ಸೆಪ್ಟೆಂಬರಿನಲ್ಲಿ ಪ್ರಶಸ್ತಿ ‘ಎಲ್ಬೋ’ ಎಂಬ ಬೇರೊಂದು ತಂಡಕ್ಕೆ ಹೋಯಿತು. ಹೆಸರು ಗೊತ್ತಾದಮೇಲೆ ಯಾರಿಗೆ ಏನು ಲಾಭವಾಯಿತು? ಬೆವನ್ ಎಂಬ ಮೂರಕ್ಷರ ತಿಳಿದದ್ದರಿಂದ ಆ ಮಳೆಯ ಒಂದು ಹನಿಯೂ ಹೆಚ್ಚಾಗಲಿಲ್ಲ.

ಇದನ್ನು ಓದುತ್ತಿದ್ದ ಹಾಗೆಯೇ 2008 ಎಂಬ ಅಂಕಿ ನನ್ನನ್ನು ಚುಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ನಾನೂ ಒಬ್ಬನ ಮುಸುಕು ತೆಗೆದಿದ್ದೆ.

ಆಗ ನನಗೆ ಮೂವತ್ತು ವರ್ಷ. ಕೆಲಸಕ್ಕಿದ್ದ ಕಾಲೇಜಿನಲ್ಲಿ ಒಂದು ಗೋಡೆಪತ್ರಿಕೆ ಇತ್ತು. ಅದರ ಪೆಟ್ಟಿಗೆಯಲ್ಲಿ ತಿಂಗಳಿಗೊಂದು ಕವನ ಹೆಸರಿಲ್ಲದೆ ಬೀಳುತ್ತಿತ್ತು. ಎಂಥ ಕವನಗಳು! ನಾನು ಬರೆದ ಯಾವ ಕವನವೂ ಅವುಗಳ ಅಂಗಳಕ್ಕೂ ಹೋಗಲಾರದು. ಅವುಗಳಲ್ಲಿ ಒಂದು, ಪರರ ಮನೆಯ ಪಾತ್ರೆ ತಿಕ್ಕುವ ತಾಯಿ ಯುಗಾದಿಯ ದಿನ ಸೆರಗಿನಲ್ಲಿ ಕಟ್ಟಿ ತಂದ ಹೋಳಿಗೆಯನ್ನು ಮಗ ತಿನ್ನಲಾರದೆ ಕೂರುವ ಸಂಗತಿ. ಕಿರುಪರೀಕ್ಷೆಯ ಪತ್ರಿಕೆ ತಿದ್ದುವಾಗ ಆ ‘ಳ’ಕಾರದ ಬಾಲ ನನ್ನ ಕಣ್ಣಿಗೆ ಬಿತ್ತು. ಎರಡನೆಯ ಬಿ.ಎ.ಯ ಹುಡುಗ, ಕೊನೆಯ ಬೆಂಚು, ಇದ್ದಾನೆಂಬುದೇ ಗೊತ್ತಾಗದಷ್ಟು ಮೆತ್ತಗಿನವನು.

ರಾಜ್ಯೋತ್ಸವದ ಸಭೆಯಲ್ಲಿ ನನ್ನ ಭಾಷಣವಿತ್ತು. ಆ ಕವನವನ್ನು ಇಡೀ ಓದಿದೆ. ಸಭೆ ತಣ್ಣಗಾಯಿತು. “ಈ ಕವಿ ಯಾರೆಂದು ನಿಮಗೆ ಗೊತ್ತಿಲ್ಲ, ನಾನು ಹೇಳುತ್ತೇನೆ” ಎಂದು ಹೆಸರು ಹಿಡಿದು ಕರೆದು, “ಎದ್ದು ನಿಲ್ಲಪ್ಪಾ” ಎಂದೆ. ಚಪ್ಪಾಳೆ ಬಿತ್ತು. ಅವನು ಎದ್ದು ತಲೆ ತಗ್ಗಿಸಿ ನಿಂತ. ನಾಚಿಕೆಯೆಂದುಕೊಂಡೆ. ಅವನ ತಾಯಿ ಪಾತ್ರೆ ತಿಕ್ಕುತ್ತಿದ್ದ ಮನೆಯ ಹುಡುಗನೂ ಅದೇ ಸಭೆಯಲ್ಲಿ ಎರಡು ಸಾಲು ಮುಂದೆ ಕುಳಿತಿದ್ದನೆಂದೂ, ಅವನು ಹಿಂದಕ್ಕೆ ತಿರುಗಿ ನೋಡಿದನೆಂದೂ ನನಗೆ ತಿಳಿದದ್ದು ಮಾರನೆಯ ದಿನ, ನಮ್ಮ ಅಟೆಂಡರಿನ ಬಾಯಿಂದ. ಹತ್ತು ದಿನ ಹುಡುಗ ಕಾಲೇಜಿಗೆ ಬರಲಿಲ್ಲ. ಮುಂದೆ ಬಂದ, ಪದವಿ ಮುಗಿಸಿದ. ಆದರೆ ಪೆಟ್ಟಿಗೆಯಲ್ಲಿ ಆ ‘ಳ’ಕಾರ ಮತ್ತೆ ಕಾಣಲಿಲ್ಲ. ಬೀಳ್ಕೊಡುಗೆಯ ದಿನ ಕೇಳಿದೆ: “ಯಾಕಯ್ಯ, ಬರೆಯೋದು ಬಿಟ್ಟೆಯಾ?”

“ಆಗ ಬರೀತಿದ್ದೆ ಸಾರ್. ಈಗ ಬರೋದಿಲ್ಲ” ಎಂದ. ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾದದ್ದು.

ಈ ಕಥೆಯನ್ನು ನಾನು ಎಷ್ಟೋ ಸಲ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಬೇರೆ ತೆರನಾಗಿ. ಪ್ರತಿಭೆಯನ್ನು ಗುರುತಿಸಿದ ಮೇಷ್ಟರು, ಅಂಜುಬುರುಕ ಹುಡುಗ, ಬಡತನದ ಕೊರಗು ಎಂದು. ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದಾಯಿತೆಂಬ ಸಮಾಧಾನದಲ್ಲಿ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಕಳೆದೆ. ಆ ಪತ್ರಿಕೆಯವರ ಬೇಟೆಯ ವಿಷಯ ಓದಿದಾಗ ಸಮಾಧಾನ ಹಾರಿಹೋಯಿತು. ಬೆವನ್ನನ ಹೆಸರು ಅವರಿಗೆ ಬೇಕಾದದ್ದು ಬೆವನ್ನನಿಗೋಸ್ಕರವಲ್ಲ. ‘ನಾವು ಪತ್ತೆ ಹಚ್ಚಿದೆವು’ ಎನ್ನುವುದಕ್ಕೋಸ್ಕರ. ಅಂದು ವೇದಿಕೆಯ ಮೇಲೆ ನಾನು ಹುಡುಗನ ಹೆಸರು ಕೂಗಿದಾಗ ನನ್ನ ಕಿವಿ ಕಾಯುತ್ತಿದ್ದುದು ನನ್ನ ಹೆಸರಿಗಾಗಿ.

ಹಾಗಾದರೆ ಮರೆಯಲ್ಲಿರುವವರೆಲ್ಲ ಮರೆಯಲ್ಲಿಯೇ ಇರಬೇಕೆ? ಇದಕ್ಕೂ ಒಂದು ಉತ್ತರ ಆ ಲಂಡನ್ನಿನವನಲ್ಲಿಯೇ ಸಿಕ್ಕಿತು. ‘ಅನ್‌ಟ್ರೂ’ ತಂದ ಕೀರ್ತಿಯ ಮೇಲೆ ಅವನು ಊರೂರು ತಿರುಗಲಿಲ್ಲ. ಫೋರ್ ಟೆಟ್, ಥಾಮ್ ಯಾರ್ಕ್ ಮೊದಲಾದವರೊಡನೆ ಒಂದೆರಡು ಹಾಡು ಕಟ್ಟಿದ. 2011ರಿಂದೀಚೆಗೆ ಎರಡೆರಡು, ಮೂರುಮೂರು ಹಾಡುಗಳ ಕಿರುಮುದ್ರಿಕೆಗಳನ್ನೇ, ಮನಸ್ಸು ಬಂದಾಗ, ಮುನ್ಸೂಚನೆಯಿಲ್ಲದೆ ಹೊರಬಿಟ್ಟ. 2013ರ ಡಿಸೆಂಬರಿನಲ್ಲಿ ಬಂದದ್ದು ‘ರೈವಲ್ ಡೀಲರ್’. ಆಗ ಬಿ.ಬಿ.ಸಿ.ಯ ಮೇರಿ ಆ್ಯನ್ ಹಾಬ್ಸ್ ಎಂಬಾಕೆಗೆ ಅಪರೂಪಕ್ಕೆ ಒಂದು ಸಂದೇಶ ಕಳುಹಿಸಿದ. ಇವು ಪೀಡಿಸುವವರ ವಿರುದ್ಧದ ಹಾಡುಗಳು, ಹೆದರಿದವರಿಗೆ ತಮ್ಮಲ್ಲಿ ನಂಬಿಕೆ ಬರಲೆಂದು ಕಟ್ಟಿದವು ಎಂಬರ್ಥದ ಮಾತು. ಅದರ ಕಡೆಯ ಹಾಡು ಹದಿಮೂರು ನಿಮಿಷದ್ದು. ಅದರ ಕೊನೆಯಲ್ಲಿ ಒಬ್ಬಾಕೆ ಮಾತನಾಡುತ್ತಾಳೆ: ಚಿತ್ರನಿರ್ದೇಶಕಿ ಲಾನಾ ವಾಚೌಸ್ಕಿ. ಗಂಡಾಗಿ ಹುಟ್ಟಿದವಳೆಂದು ಲೋಕ ಎಣಿಸಿದ, ಹೆಣ್ಣೆಂದು ತನ್ನನ್ನು ತಾನು ಅರಿತ ಈಕೆ ಬಹುಕಾಲ ಪ್ರಚಾರದಿಂದ ದೂರವಿದ್ದವಳು. 2012ರಲ್ಲಿ ಒಂದು ಸಮಾರಂಭದಲ್ಲಿ ಎದ್ದುನಿಂತು ತನ್ನ ಕಥೆಯನ್ನು ತಾನೇ ಹೇಳಿದಳು. ತನ್ನಂಥ ಎಳೆಯರಿಗೆ ತಾನೊಬ್ಬಳಿದ್ದೇನೆಂದು ಗೊತ್ತಾಗಲಿ ಎಂದು.

ಮರೆಯನ್ನು ಬಿಡದವನು ಮರೆಯನ್ನು ಬಿಟ್ಟು ಬಂದವಳ ದನಿಯಿಂದ ತನ್ನ ಹಾಡನ್ನು ಮುಗಿಸಿದ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನದೂ ಸರಿ, ಆಕೆಯದೂ ಸರಿ. ಇಬ್ಬರಲ್ಲೂ ಬಾಗಿಲ ಅಗಳಿ ಒಳಗಡೆಯಿತ್ತು. ಹೊರಗಿನಿಂದ ಕದ ಒಡೆದವನು ನಾನು.

ಬೆವನ್ ಈಗಲೂ ಹಾಗೆಯೇ ಇದ್ದಾನೆ. 2022ರಲ್ಲಿ ‘ಆ್ಯಂಟಿಡಾನ್’ ಎಂಬುದನ್ನು ತಂದ. ಮುಕ್ಕಾಲು ಗಂಟೆಯ ಹತ್ತಿರದ ಅದರಲ್ಲಿ ತಾಳವೇ ಇಲ್ಲವೆನ್ನಬೇಕು, ಚಳಿಗಾಲದ ಬೀದಿ, ಕೆಮ್ಮು, ದೂರದ ದನಿ. ನನ್ನ ಮಗಳಿಗೇ ಅದು ಬೇಸರ ತರಿಸಿತು, ನನಗೆ ಹಿಡಿಸಿತು. ವಯಸ್ಸಿನ ಪ್ರಭಾವ.

ನಮ್ಮ ಕಾಲೇಜಿನ ಗೋಡೆಪತ್ರಿಕೆ ಈಗಲೂ ನನ್ನ ಪಾಲಿಗೇ ಇದೆ. ಹೋದ ತಿಂಗಳು ಪೆಟ್ಟಿಗೆಯಲ್ಲಿ ಹೆಸರಿಲ್ಲದ ಒಂದು ಹಾಳೆ ಬಿದ್ದಿತ್ತು. ಒಳ್ಳೆಯ ಬರವಣಿಗೆ. ಅಕ್ಷರ ನೋಡಿದೊಡನೆ ಯಾರದೆಂದು ತಿಳಿಯಿತು. ಈ ಹಾಳು ಕಣ್ಣಿಗೆ ಅದೊಂದು ಅಭ್ಯಾಸ. ಇದ್ದ ಹಾಗೆಯೇ ಅಂಟಿಸಿದೆ. ಸಹೋದ್ಯೋಗಿಯೊಬ್ಬರು ಓದಿ, “ಚೆನ್ನಾಗಿದೆಯಲ್ಲ! ಯಾರದು ಸಾರ್?” ಎಂದರು.

“ಗೊತ್ತಿಲ್ಲ” ಎಂದೆ. ನಾಲಗೆಯ ತುದಿಯಲ್ಲಿದ್ದ ಹೆಸರನ್ನು ನುಂಗುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಇದನ್ನೆಲ್ಲ ಬರೆದು ಮುಗಿಸಿದಾಗ ಮಗಳು ಓದಿ, “ಹಾಗಾದರೆ ಇದನ್ನು ನಿಮ್ಮ ಹೆಸರು ಹಾಕದೆ ಕಳಿಸ್ತೀರಾ ಅಪ್ಪ?” ಎಂದು ಕೇಳಿದಳು. ಬಹಳ ಹೊತ್ತು ಯೋಚಿಸಿದೆ. ಕಡೆಗೆ ಹೆಸರು ಹಾಕಿಯೇ ಅಂಚೆಗೆ ಕೊಟ್ಟೆ. ತಪ್ಪನ್ನು ಒಪ್ಪಿಕೊಳ್ಳುವವನು ಹೆಸರು ಮುಚ್ಚಿಡಬಾರದೆಂದು ಅವಳಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಆದರೆ ಎಂ.ಎ. ಎಂಬ ಎರಡಕ್ಷರವನ್ನು ಈ ಸಲ ಬಿಟ್ಟಿದ್ದೇನೆ. ಆ ಹುಡುಗನ ಹೆಸರನ್ನೂ ಇಲ್ಲಿ ಎಲ್ಲಿಯೂ ಬರೆದಿಲ್ಲ.